ವೊಲುಪಿಯಾಳ ಗುಡಿ ಇದ್ದ ಜಾಗ

ರೋಮ್‌ನಲ್ಲಿ ನಾನು ಮೊದಲು ಹುಡುಕಿಕೊಂಡು ಹೋಗಿದ್ದು ಈಗ ಇಲ್ಲದ ಒಂದು ಗುಡಿಯನ್ನು. ಸುಖದ ದೇವತೆ ವೊಲುಪಿಯಾಳ ಪುಟ್ಟ ಗುಡಿ ಅದು. ಬೇಕಂತಲೇ ಡಿಸೆಂಬರ್ 21ರಂದು ಹೋದೆ. ಹಿಂದೆ ಪ್ರತಿವರ್ಷ ಇದೇ ದಿನ ರೋಮ್‌ನ ಪುರೋಹಿತರು ಅಲ್ಲಿ ಬಲಿ ಕೊಡುತ್ತಿದ್ದರು. ಹಗಲು ತೀರಾ ಚಿಕ್ಕದಾಗುವ ಹೊತ್ತಿನ ಹಬ್ಬ ಇದು.

ಚಿರ್ಕೊ ಮಾಸ್ಸಿಮೊ ಮೆಟ್ರೊದಲ್ಲಿ ಇಳಿದು, ಪ್ಯಾಲಟೈನ್ ಗುಡ್ಡದ ಬುಡದಲ್ಲೇ ನಡೆದರೆ ವಿಯಾ ದಿ ಸಾನ್ ತೆಯೊದೊರೊ ರಸ್ತೆ ಸಿಗುತ್ತದೆ. ರೊಮಾನುಲಾ ಎಂಬ ಹಳೆಯ ಊರಬಾಗಿಲಿನ ಮೆಟ್ಟಿಲು ನೋವಾ ವಿಯಾ ಬೀದಿಗೆ ಇಳಿಯುವಲ್ಲಿ ಈ ಗುಡಿ ಇತ್ತು ಅಂತ ಪ್ರಾಚೀನ ರೋಮನ್ ವಿದ್ವಾಂಸ ವಾರೊ ಬರೆದಿದ್ದಾನೆ. ಆ ಬಾಗಿಲು ಇದ್ದದ್ದು ಗುಡ್ಡದ ಈ ಮಗ್ಗುಲಲ್ಲೇ. ಈಗ ಕಣ್ಣಿಗೆ ಬೀಳುವುದು ಸಾನ್ ತೆಯೊದೊರೊ ಎಂಬ ದುಂಡನೆಯ ಚರ್ಚ್. ಅದರ ಅಂಗಳಕ್ಕೆ ಮೆಟ್ಟಿಲು ಇಳಿದೇ ಹೋಗಬೇಕು. ಹಳೆಯ ನೆಲದ ಮೇಲೆ ಊರು ಎಷ್ಟು ಎತ್ತರಕ್ಕೆ ಬೆಳೆದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ವೊಲುಪಿಯಾಳ ಬಲಿಪೀಠದ ಮೇಲೆ ಇನ್ನೊಬ್ಬ ದೇವತೆಯ ಮೂರ್ತಿ ಇತ್ತು. ಹೆಸರು ಆಂಜೆರೋನಾ. ಬಾಯಿಗೆ ಬಟ್ಟೆ ಕಟ್ಟಿ, ಮುದ್ರೆ ಒತ್ತಿದ ಮೂರ್ತಿ! ರೋಮ್‌ನ ಗುಟ್ಟಿನ ಹೆಸರನ್ನು ಯಾರೂ ಬಾಯಿಬಿಡಬಾರದು ಎಂಬ ಕಟ್ಟಳೆಗೆ ರೋಮನ್ ಲೇಖಕ ಪ್ಲಿನಿ ಈ ಮೂರ್ತಿಯನ್ನು ಗುರುತಾಗಿ ತೋರಿಸುತ್ತಾನೆ. ಮಸೂರಿಯಸ್ ಸಬೀನಸ್ ಎಂಬ ಕಾನೂನು ಪಂಡಿತನ ವಿವರಣೆ ಬೇರೆ: ನೋವು, ಆತಂಕಗಳನ್ನು ಹೊರಗೆ ತೋರಿಸದೆ ತಾಳಿಕೊಂಡವರು ಕೊನೆಗೆ ದೊಡ್ಡ ಸುಖ ಕಾಣುತ್ತಾರೆ. ಬಾಯಿ ಮುಚ್ಚಿಕೊಂಡು ಸಹಿಸಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಆದರೆ ಸುಖದ ಪೂಜೆಯಲ್ಲೂ ನೋವನ್ನು ಪಕ್ಕಕ್ಕೆ ತಳ್ಳಲಿಲ್ಲ ಅಲ್ವಾ, ಅದು ಮನಸ್ಸಿಗೆ ತುಂಬಾ ಹಿಡಿಸಿತು.

ಆಮೇಲೆ ಟೈಬರ್ ನದಿ ದಾಟಿ ವಿಲ್ಲಾ ಫಾರ್ನೆಸಿನಾ ಎಂಬ ಹಳೆಯ ಬಂಗಲೆಗೆ ಹೋದೆ. ಪ್ರೇಮದೇವ ಕ್ಯುಪಿಡ್ ಮತ್ತು ಅವನ ಪ್ರೇಯಸಿ ಸೈಕಿಯ ಕಥೆ ಅಲ್ಲಿನ ಚಾವಣಿಯ ಮೇಲಿದೆ. ರಫಾಯೆಲ್ ಮತ್ತು ಅವನ ಶಿಷ್ಯರು 1518ರ ಸುಮಾರಿಗೆ ಬಿಡಿಸಿದ್ದು. ಪ್ರಾಚೀನ ರೋಮನ್ ಲೇಖಕ ಅಪುಲೇಯಸ್ ಹೇಳಿದ ಈ ಕಥೆಯಲ್ಲಿ ಸೈಕಿ ಪಡಬಾರದ ಪಾಡು ಪಡುತ್ತಾಳೆ. ಕೊನೆಗೆ ಅವಳಿಗೆ ಹುಟ್ಟುವ ಮಗಳೇ ವೊಲುಪ್ತಾಸ್, ಅಂದರೆ ಸುಖ. ಚಿತ್ರಗಳ ಸುತ್ತ ಜೊವಾನ್ನಿ ದಾ ಊದಿನೆ ಬಿಡಿಸಿದ ಹಣ್ಣು, ತರಕಾರಿಗಳ ತೋರಣ ಇದೆ. ಸ್ವಲ್ಪ ಕತ್ತೆತ್ತಿ ಹುಡುಕಿ, ಅದರಲ್ಲಿ ಅಮೆರಿಕದ ಬೆಳೆಯಾದ ಮುಸುಕಿನ ಜೋಳವೂ ಸಿಗುತ್ತದೆ. ಕೊಲಂಬಸ್ ಅಮೆರಿಕಕ್ಕೆ ಹೋಗಿ ಬಂದು ಆಗಿನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ! ಹೋಗುವವರು ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆಲ್ಲಾ ಬಾಗಿಲು ಹಾಕಿಬಿಡುತ್ತಾರೆ.