ನೀವು ಯಾವ ಸೇವೆ ಮಾಡುತ್ತೀರಿ?

ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸಬರ ಪರಿಚಯವಾದಾಗ ಹೆಸರು, ಊರು, ನೌಕರಿ ಕೇಳಿಯಾದ ಮೇಲೆ ನಾಲ್ಕನೆಯದಾಗಿ ಬರುವ ಪ್ರಶ್ನೆ ಒಂದಿದೆ: "ನೀವು ಯಾವ ಸೇವಾ ಮಾಡ್ತೀರ್ರಿ?" ಸೇವೆ ಎಂದರೆ ಸಂಡೆ ಸ್ಕೂಲಿನಲ್ಲಿ ಕಲಿಸುವುದು, ಗಾಯನ ಮಂಡಳಿಯಲ್ಲಿ ಹಾಡುವುದು, ಆಸ್ಪತ್ರೆಯ ವಾರ್ಡುಗಳಿಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುವುದು, ಸ್ತ್ರೀಯರ ಕೂಟ ನಡೆಸುವುದು. ನಾನು ಹಲವು ವರ್ಷ ಸಂಡೆ ಸ್ಕೂಲಿನ ಹೆಸರು ಹೇಳಿ ಪಾರಾಗುತ್ತಿದ್ದೆ. ಧೈರ್ಯ ಮಾಡಿ ಒಮ್ಮೆ, ಕಥೆ ಬರೆಯುತ್ತೇನೆ ಎಂದು ಹೇಳಿದಾಗ ಹಿರಿಯರೊಬ್ಬರು ನಕ್ಕು, "ಅದು ಹವ್ಯಾಸ ಆತವಾ, ಸೇವಾ ಯಾವುದು?" ಎಂದು ಮತ್ತೆ ಕೇಳಿದರು. ಅವರ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರ ಪ್ರಶ್ನೆ ಇನ್ನೂ ನೇರವಾಗಿತ್ತು: "ಕಥಿ ಅಂದ್ರ ಸುಳ್ಳಲ್ಲೇನ?"

ಈ ಪ್ರಶ್ನೆ ಹೊಸದಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಹಿರಿಯರು ಬೆಟಗೇರಿಯ ನೇಕಾರರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಅಪ್ಪನ ಕಪಾಟಿನಲ್ಲಿ ಸತ್ಯವೇದ ಮತ್ತು ಸಂಗೀತದ ಪುಸ್ತಕಗಳ ನಡುವೆ ಅಟ್ಟೆ ಹರಿದುಹೋದ 'ಯಾತ್ರಿಕನ ಸಂಚಾರ'ವೂ ಇತ್ತು. ಅದು ಇಂಗ್ಲಿಷಿನ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಕೃತಿಯ ಕನ್ನಡ ರೂಪ. ಅನುಮತಿಯಿಲ್ಲದೆ ಬೋಧನೆ ಮಾಡಿದ್ದಕ್ಕಾಗಿ ಹನ್ನೆರಡು ವರ್ಷ ಸೆರೆಯಲ್ಲಿದ್ದ ಆ ಮನುಷ್ಯ ತನ್ನ ಪುಸ್ತಕದ ಮೊದಲಲ್ಲೇ ಪದ್ಯರೂಪದ ಒಂದು ಸಮಜಾಯಿಷಿ ಬರೆದಿದ್ದಾನೆ: ಪ್ರವಾದಿಗಳೂ ಕ್ರಿಸ್ತನೂ ಸಾಮ್ಯಗಳಲ್ಲಿ, ಅಂದರೆ ದೃಷ್ಟಾಂತ ಕಥೆಗಳಲ್ಲಿ, ಮಾತಾಡಿದ ಮೇಲೆ ನಾನು ಕಲ್ಪನೆಯಲ್ಲಿ ಹೇಳಿದರೆ ತಪ್ಪೇನು ಎಂಬುದು ಅದರ ಸಾರ. ಅಂದರೆ ನಮ್ಮ ಸಭೆಯ ಅಜ್ಜಿ ಕೇಳಿದ್ದನ್ನು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಯಾರೋ ಅವನಿಗೂ ಕೇಳಿದ್ದರು.

ಆದರೆ ಬನ್ಯನ್ ನನಗೆ ಕಲಿಸಿದ ಒಂದು ಪಾಠ ನನ್ನ ಕೈಯಲ್ಲಿ ಕೆಟ್ಟುಹೋಯಿತು. ಅವನ ಪಾತ್ರಗಳಿಗೆ ಗುಣಗಳೇ ಹೆಸರು. ಅದು ರೂಪಕದ ಕಥೆಯಾದ್ದರಿಂದ ಅಲ್ಲಿ ನಡೆಯುತ್ತದೆ. ನಾನು ಬರೆಯುತ್ತಿದ್ದುದು ಹುಬ್ಬಳ್ಳಿ–ಗದಗದ ಓಣಿಗಳಲ್ಲಿ ನಡೆಯುವ ಕಥೆಗಳಾದರೂ ನನ್ನ ಪಾತ್ರಗಳ ಹಣೆಯ ಮೇಲೆ ಕಾಣದ ಚೀಟಿ ಅಂಟಿಸಿರುತ್ತಿದ್ದೆ: ಇವನು ಅವಿಶ್ವಾಸಿ, ಇವಳು ಪ್ರಾರ್ಥಿಸುವವಳು, ಇವನು ಕೊನೆಯ ಪುಟದಲ್ಲಿ ತಿರುಗಿಕೊಳ್ಳುವವನು. ಒಂದು ವರ್ಷ ನಮ್ಮ ಕಡೆಯ ಸಭಾ ಪತ್ರಿಕೆಯೊಂದರ ಕ್ರಿಸ್ಮಸ್ ಸಂಚಿಕೆಯಲ್ಲಿ ಅಂಥ ನನ್ನ ಕಥೆಯೊಂದು ಅಚ್ಚಾಯಿತು. ಕುಡುಕ ಗಂಡ, ಮೊಣಕಾಲೂರಿ ಪ್ರಾರ್ಥಿಸುವ ಹೆಂಡತಿ, ಡಿಸೆಂಬರ್ 31ರ ಮಧ್ಯರಾತ್ರಿಯ ಆರಾಧನೆಯ ಗಂಟೆ ಕೇಳಿ ಬಾಟಲಿಯನ್ನು ಚರಂಡಿಗೆ ಚೆಲ್ಲಿ ದೇವಾಲಯದೊಳಗೆ ಬರುವ ಗಂಡ. ಸಭಾಪಾಲಕರು ಮೆಚ್ಚಿದರು, ನಾಲ್ಕಾರು ಜನ ದೇವರು ಬದುಕು ಬದಲಿಸುತ್ತಾನೆಂಬುದಕ್ಕೆ ಒಳ್ಳೆಯ ಸಾಕ್ಷಿ ಎಂದರು, ನಾನೂ ಇನ್ನು ನನ್ನ ಸೇವೆ ಯಾವುದೆಂದು ಧೈರ್ಯವಾಗಿ ಹೇಳಬಹುದೆಂದುಕೊಂಡೆ.

ಜನವರಿಯ ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ, ಕಾಂಪೌಂಡಿನ ಬೇವಿನ ಮರದ ಕೆಳಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಹತ್ತಿರ ನಮ್ಮ ಸಭೆಯ ಒಬ್ಬ ಹೆಣ್ಣುಮಗಳು ಬಂದಳು. ಹಿಂದಿನ ಬೆಂಚಿನ ತುದಿಗೆ ಕುಳಿತು, ಆಶೀರ್ವಾದ ಮುಗಿಯುತ್ತಿದ್ದಂತೆ ಎದ್ದು ಹೋಗಿಬಿಡುವವಳು. ಅವಳ ಸತ್ಯವೇದದ ನಡುವೆ ಆ ಪತ್ರಿಕೆ ನಾಲ್ಕು ಮಡಿಕೆಯಾಗಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ, ಬೆರಳಿನಿಂದ ಮುಟ್ಟಿ ತೋರಿಸಿದಳು ಅಷ್ಟೇ. "ಅಕ್ಕಾರ, ನಿಮ್ಮ ಕಥಿಯೊಳಗಿನ ಗಂಡ ಒಂದ ರಾತ್ರ್ಯಾಗ ಕುಡಿಯೂದು ಬಿಟ್ಟ. ನಮ್ಮಾಂವ ಹನ್ನೆರಡ ವರ್ಷಾತು, ಬಿಟ್ಟಿಲ್ಲ. ನನ್ನ ಪ್ರಾರ್ಥನಾ ಎಲ್ಲೆ ಕಡಿಮಿ ಬಿತ್ರಿ?" ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹೊಳೆಯುತ್ತಿತ್ತೋ ಏನೋ. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು, ಅಡುಗೆಯಲ್ಲಿ ಉಪ್ಪು ಎಷ್ಟು ಹಾಕಿದಿರಿ ಎಂದು ಕೇಳಿದ ಹಾಗೆ.

ನಾನು ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ದೇವರ ಸಮಯ ಎಂದೋ ಏನೋ ತೊದಲಿರಬೇಕು. ಮನೆಗೆ ಬಂದು ಆ ಕಥೆಯನ್ನು ಮತ್ತೆ ಓದಿದಾಗ ಅದರ ಸುಳ್ಳು ಎಲ್ಲಿದೆ ಎಂಬುದು ಕಣ್ಣಿಗೆ ಹೊಡೆಯಿತು. ಒಂದೇ ರಾತ್ರಿಯಲ್ಲಿ ಬಿಟ್ಟವರು ಇಲ್ಲವೆಂದಲ್ಲ. ಇದ್ದಾರೆ, ಅಂಥವರನ್ನು ನಾನು ಬಲ್ಲೆ. ಆದರೆ ನನ್ನ ಕಥೆಯ ಆ ಮನುಷ್ಯನನ್ನು ನಾನು ಬಲ್ಲವಳಲ್ಲ. ಅವನು ಏನು ಕೆಲಸ ಮಾಡುತ್ತಾನೆ, ಯಾವಾಗ ಕುಡಿಯಲು ಶುರು ಮಾಡಿದ, ಕುಡಿಯದ ದಿನ ಮಕ್ಕಳೊಂದಿಗೆ ಹೇಗಿರುತ್ತಾನೆ, ಒಂದೂ ನನಗೆ ಗೊತ್ತಿರಲಿಲ್ಲ. ಕೊನೆಯ ಪುಟಕ್ಕೆ ಬೇಕಾಗಿದ್ದನೆಂದು ಅವನನ್ನು ಕರೆತಂದಿದ್ದೆ. ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿತು, ಆದರೆ ನನಗೆ ಬೇಕಾದ ಉತ್ತರವಾಗಿರಲಿಲ್ಲ.

ಅದಾದ ಮೇಲೆ ಒಂದೂವರೆ ವರ್ಷ ನಾನು ಕಥೆ ಬರೆಯಲಿಲ್ಲ.

ಮತ್ತೆ ಪೆನ್ನು ಹಿಡಿಯುವಂತೆ ಮಾಡಿದ್ದು ಸಂಡೆ ಸ್ಕೂಲಿನ ಪಾಠ. ಸತ್ಯವೇದದ 2 ಸಮುವೇಲ ಪುಸ್ತಕದ 12ನೇ ಅಧ್ಯಾಯವನ್ನು ದೊಡ್ಡ ಮಕ್ಕಳಿಗೆ ಹೇಳಬೇಕಿತ್ತು. ಅರಸನಾದ ದಾವೀದ ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿ ಕೊಲ್ಲಿಸಿದ್ದಾನೆ. ನಾತಾನ ಪ್ರವಾದಿ ಅರಮನೆಗೆ ಬರುತ್ತಾನೆ. ಬಂದವನು ಧರ್ಮಶಾಸ್ತ್ರದ ಆಜ್ಞೆ ಓದುವುದಿಲ್ಲ, ಒಂದು ಕಥೆ ಹೇಳುತ್ತಾನೆ. ಒಂದೂರಿನಲ್ಲಿ ಒಬ್ಬ ಸಾಹುಕಾರ, ಒಬ್ಬ ಬಡವ. ಬಡವನಿಗೆ ಇದ್ದದ್ದು ಕೊಂಡು ತಂದ ಒಂದೇ ಒಂದು ಹೆಣ್ಣು ಕುರಿಮರಿ. ಇಲ್ಲಿ ನಾತಾನ ನಿಧಾನಿಸುತ್ತಾನೆ. ಆ ಮರಿ ಅವನ ಮಕ್ಕಳ ಸಂಗಡ ಬೆಳೆಯಿತು, ಅವನ ತುತ್ತಿನಲ್ಲಿ ತಿಂದಿತು, ಅವನ ಬಟ್ಟಲಿನಲ್ಲಿ ಕುಡಿಯಿತು, ಅವನ ಎದೆಯ ಮೇಲೆ ಮಲಗಿತು, ಅವನಿಗೆ ಮಗಳಂತಿತ್ತು. ಕಥೆಯ ವಾದಕ್ಕೆ ಇವು ಯಾವುವೂ ಬೇಕಾಗಿಲ್ಲ. ಕಳವು ಕಳವೇ, ಮರಿ ಹಟ್ಟಿಯಲ್ಲಿ ಮಲಗಿದ್ದರೂ ಸಾಹುಕಾರನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಆ ಬಟ್ಟಲಿಲ್ಲದಿದ್ದರೆ ದಾವೀದ ಉರಿದೇಳುತ್ತಿರಲಿಲ್ಲ. ಅವನೂ ಹಿಂದೆ ಕುರಿ ಕಾಯುತ್ತಿದ್ದವನಲ್ಲವೇ, ಮರಿಯೊಂದು ಮೈಗೆ ಒರಗಿದರೆ ಹೇಗಿರುತ್ತದೆಂದು ಬಲ್ಲವನು. ಹಾಗೆ ಮಾಡಿದವನು ಸಾಯಲೇಬೇಕು ಎಂದು ತೀರ್ಪು ಕೊಟ್ಟ ಮೇಲಷ್ಟೇ ನಾತಾನ "ಆ ಮನುಷ್ಯ ನೀನೇ" ಎನ್ನುತ್ತಾನೆ.

ಪಾಠದ ತಯಾರಿಗೆ ಎಂದು ಕುಳಿತವಳು ಆ ಬಟ್ಟಲಿನ ಮುಂದೆ ಬಹಳ ಹೊತ್ತು ಕುಳಿತೆ. ನನ್ನ ಕಥೆಯಲ್ಲಿ ಅಂಥ ಒಂದು ಬಟ್ಟಲಾದರೂ ಇತ್ತೇ?

ಅಲ್ಲಿಂದ ಮುಂದೆ ಸತ್ಯವೇದವನ್ನು ಕಥೆಗಾರರ ಕಣ್ಣಿನಿಂದ ಓದುವ ಚಾಳಿ ಹತ್ತಿತು. ಇದು ಭಕ್ತಿಗೆ ಕೊರತೆ ಎಂದು ಮೊದಮೊದಲು ಅಳುಕಿತ್ತು, ಈಗ ಇಲ್ಲ. ನಿನೆವೆ ಪಟ್ಟಣ ನಾಶವಾಗಲಿಲ್ಲವೆಂದು ಸಿಟ್ಟಾದ ಪ್ರವಾದಿ ಯೋನನ ಪುಸ್ತಕವನ್ನೇ ನೋಡಿ, ಅದು ಮುಗಿಯುವುದು ಒಂದು ಪ್ರಶ್ನೆಯಲ್ಲಿ. ಲಕ್ಷದಿಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ನಿನೆವೆಗಾಗಿ ನಾನು ಕನಿಕರಪಡಬಾರದೋ ಎಂದು ದೇವರು ಕೇಳುತ್ತಾನೆ, ಅಲ್ಲಿನ ದನಕರುಗಳನ್ನೂ ಮರೆಯದೆ ಎಣಿಸುತ್ತಾನೆ, ಯೋನನ ಉತ್ತರ ಬರೆದಿಲ್ಲ. ಲೂಕ 15ರ ಇಬ್ಬರು ಮಕ್ಕಳ ಸಾಮ್ಯದಲ್ಲಂತೂ ನಾವು ಸಾಮಾನ್ಯವಾಗಿ ಆಸ್ತಿಯ ಪಾಲು ಹಾಳುಮಾಡಿದ ಕಿರಿಯವನು ಮನೆಗೆ ಬಂದಲ್ಲಿಗೆ ಪ್ರಸಂಗ ಮುಗಿಸಿಬಿಡುತ್ತೇವೆ. ಯೇಸು ಅಲ್ಲಿ ಮುಗಿಸಲಿಲ್ಲ. ಹಿರಿಯವನು ಹೊಲದಿಂದ ಬರುತ್ತಾನೆ, ವಾದ್ಯದ ಸಪ್ಪಳ ಕೇಳಿ ಆಳನ್ನು ಕರೆದು ವಿಚಾರಿಸುತ್ತಾನೆ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಂಡಾಗ ಅವನು "ನನ್ನ ತಮ್ಮ" ಎನ್ನುವುದಿಲ್ಲ, "ಈ ನಿನ್ನ ಮಗ" ಎನ್ನುತ್ತಾನೆ. ಅಪ್ಪ ಉತ್ತರಿಸುವಾಗ ಆ ಮಾತನ್ನು ಸದ್ದಿಲ್ಲದೆ "ಈ ನಿನ್ನ ತಮ್ಮ" ಎಂದು ತಿದ್ದುತ್ತಾನೆ. ಎರಡು ಪದಗಳಲ್ಲಿ ಒಂದು ಮನೆತನದ ಜಗಳವೆಲ್ಲ ಇದೆ. ಹಿರಿಯವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳಲೇ ಇಲ್ಲ. ಪ್ರಭುವೇ ಬಾಗಿಲು ತೆರೆದಿಟ್ಟು ಕಥೆ ನಿಲ್ಲಿಸಿರುವಾಗ, ಕೊನೆಯ ಪುಟದಲ್ಲಿ ಎಲ್ಲರನ್ನೂ ಒಳಗೆ ದೂಡಿ ಚಿಲಕ ಹಾಕುವ ಅವಸರ ನನಗೇಕಿತ್ತು?

ಕುಡುಕನ ಕಥೆಯನ್ನು ಮತ್ತೆ ಬರೆಯಲು ಹಿಡಿದೆ. ಮಗ್ಗದಲ್ಲಿ ಎಳೆ ಹರಿದದ್ದು ಗೊತ್ತಾಗದೆ ನೇಯ್ದುಬಿಟ್ಟರೆ ಹೊಕ್ಕನ್ನು ಒಂದೊಂದಾಗಿ ಬಿಚ್ಚಿ ಹಿಂದಕ್ಕೆ ಬರಬೇಕಾಗುತ್ತದೆ, ಅಜ್ಜ ಅದನ್ನು ಮಾಡುವಾಗ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನನಗೂ ಹಾಗೇ ಆಯಿತು. ಗಂಡನ ಪಾತ್ರ ಎಷ್ಟು ಬರೆದರೂ ಖಳನಾಗಿಯೇ ಉಳಿಯುತ್ತಿತ್ತು. ಅವ್ವನ ಹಾಗೆ ನಾನೂ ಒಂದು ಪ್ರಾರ್ಥನೆಯ ನೋಟ್‌ಬುಕ್ ಇಟ್ಟಿದ್ದೇನೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಕೀರ್ತನೆ ಓದಿ, ಅದರಲ್ಲಿ ಬರೆದ ಹೆಸರುಗಳಿಗಾಗಿ ಪ್ರಾರ್ಥಿಸಿ, ಆಮೇಲೆ ಬರೆಯಲು ಕೂಡುತ್ತೇನೆ. ಒಂದು ದಿನ ಆಪರೇಷನ್‌ಗೆ ಕಾದಿದ್ದ ದೊಡ್ಡಮ್ಮ, ನೌಕರಿ ಸಿಗದ ತಮ್ಮನ ಮಗ, ಇವರ ಕೆಳಗೆ ಆ ಗಂಡನ ಹೆಸರನ್ನೂ ಬರೆದಿದ್ದೆ. ಬರೆದ ಮೇಲೆ ನಗು ಬಂತು, ಇಲ್ಲದ ಮನುಷ್ಯನಿಗೆ ಪ್ರಾರ್ಥನೆಯೇ ಎಂದು. ಆದರೂ ಹೊಡೆದುಹಾಕಲಿಲ್ಲ. ಮೂರು ವಾರ ಹಾಗೆ ನಡೆದ ಮೇಲೆ ಅವನು ಮಗಳ ಶಾಲೆಯ ಬೂಟಿಗೆ ಪಾಲಿಶ್ ಹಚ್ಚುವುದು ಕಾಣಿಸಿತು: ಕೈ ನಡುಗುತ್ತದೆಂದು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು. ದೇವಶಾಸ್ತ್ರ ಬಲ್ಲವರು ಇದಕ್ಕೆ ಏನೆನ್ನುತ್ತಾರೋ, ಯಾರಿಗಾಗಿ ದಿನವೂ ಪ್ರಾರ್ಥಿಸುತ್ತೇವೋ ಅವರನ್ನು ಕೀಳಾಗಿ ಬರೆಯಲು ನನಗಂತೂ ಸಾಧ್ಯವಾಗಲಿಲ್ಲ. ವಿಶ್ವಾಸದಿಂದ ಬರವಣಿಗೆಗೆ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸಬಹುದಾದದ್ದು ಆ ಮಣಿಕಟ್ಟು ಮಾತ್ರ.

ಹೊಸ ಕಥೆಯಲ್ಲಿ ಅವನು ಕುಡಿತ ಬಿಡಲಿಲ್ಲ. ಹೆಂಡತಿ ವಾರದ ಪಗಾರವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ, ಎರಡು ರೊಟ್ಟಿಯ ಮೇಲೆ ತಾಟು ಬೋರಲು ಹಾಕುತ್ತಾಳೆ, ದೀಪ ಆರಿಸುತ್ತಾಳೆ, ಕದಕ್ಕೆ ಚಿಲಕ ಹಾಕುವುದಿಲ್ಲ. ಅಲ್ಲಿಗೆ ಕಥೆ ಮುಗಿಯುತ್ತದೆ.

ಸಭಾ ಪತ್ರಿಕೆ ಇದನ್ನು ಹಿಂದಿರುಗಿಸಿತು, ಇದರಲ್ಲಿ ಸಾಕ್ಷಿ ಇಲ್ಲವೆಂದು. ಸಾಹಿತ್ಯದ ಪತ್ರಿಕೆಯೊಂದರ ಸಂಪಾದಕರು ಫೋನ್ ಮಾಡಿ, ಕಥೆ ಚೆನ್ನಾಗಿದೆ, ಆದರೆ ನಿಮ್ಮ ಪಾತ್ರಗಳು ಕ್ರೈಸ್ತರ ಹಾಗೆ ಮಾತಾಡುವುದಿಲ್ಲವಲ್ಲ ಎಂದರು. ನಾವು ಮಾತಾಡುವುದು ಪಕ್ಕದ ಮನೆಯವರು ಮಾತಾಡುವ ಕನ್ನಡವನ್ನೇ ಎಂದು ತಿಳಿಸಿದೆ. ಸಿನಿಮಾದ ನರ್ಸು, ಪಾದ್ರಿಗಳನ್ನು ನೋಡಿ ನೋಡಿ ಅವರಿಗೆ ಬೇರೊಂದು ನಿರೀಕ್ಷೆ ಇತ್ತೇನೋ. (ವೇದಿಕೆಯ ಮೇಲೆ ನನ್ನನ್ನು ಪರಿಚಯಿಸುವವರೂ ತಪ್ಪದೆ ಕಿಟ್ಟೆಲರಿಂದ ಶುರು ಮಾಡುತ್ತಾರೆ. 1894ರ ಆ ನಿಘಂಟಿನ ಎಪ್ಪತ್ತು ಸಾವಿರ ಪದಗಳ ಮುಂದೆ ನಾನೂ ತಲೆಬಾಗುತ್ತೇನೆ. ಆದರೆ ಕಿಟ್ಟೆಲರು ಜರ್ಮನಿಯಿಂದ ಬಂದು ಕನ್ನಡ ಕಲಿತವರು, ನಾನು ಬೆಟಗೇರಿಯಲ್ಲಿ ಹುಟ್ಟಿದವಳು, ನನ್ನ ಕನ್ನಡದಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.) ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಸಾಗರದ ನಾ. ಡಿಸೋಜ. ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಿದವರನ್ನು ಜೀವನವಿಡೀ ಬರೆದ, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಆ ಹಿರಿಯರು ಕ್ರೈಸ್ತರ ಬದುಕನ್ನೂ ಬರೆದರು, ಮುಳುಗಡೆಯ ಎಲ್ಲರ ಬದುಕನ್ನೂ ಬರೆದರು. ಎರಡನ್ನೂ ಒಂದೇ ಕೈಯಿಂದ.

ಕಥೆ ಕೊನೆಗೆ ಬೇರೊಂದು ಚಿಕ್ಕ ಪತ್ರಿಕೆಯಲ್ಲಿ ಬಂತು. ಅದರ ಜೆರಾಕ್ಸ್ ಪ್ರತಿಯನ್ನು ಆ ಹೆಣ್ಣುಮಗಳಿಗೆ ಕೊಡಲೋ ಬೇಡವೋ ಎಂದು ಒಂದು ತಿಂಗಳು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಅವಳ ಮನೆಯ ಗುಟ್ಟನ್ನು ಕದ್ದಿದ್ದೇನೆಂದು ಅನ್ನಿಸಿದರೆ? ಕಡೆಗೆ ಕೊಟ್ಟೆ. ಮುಂದಿನ ಭಾನುವಾರ ಅವಳು ಆಶೀರ್ವಾದದ ಕೂಡಲೇ ಎದ್ದು ಹೋಗಲಿಲ್ಲ, ಬೇವಿನ ಮರದ ಕೆಳಗೆ ನಿಂತಿದ್ದಳು.

"ಓದಿದೆರಿ," ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿ ಚಿಲಕಾ ಹಾಕಲಿಲ್ಲಲ್ರಿ. ನಾನೂ ಹಾಕಂಗಿಲ್ಲ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ಆಂವ ಅವತ್ತ ಮನಿಗೆ ಬಂದನೇನ್ರಿ?"

ಗೊತ್ತಿಲ್ಲವೆಂದು ಹೇಳಿದೆ. ಅವಳು ತಲೆಯಾಡಿಸಿದಳು. ಇಬ್ಬರೂ ಗೇಟಿನವರೆಗೆ ನಡೆದುಕೊಂಡು ಹೋದೆವು.