ಬೆಂಗಳೂರು ಕ್ಲಬ್ಬಿನ ಕಾಲರೇಖೆ: ಮೂರನೆಯ ತಿಂಗಳ ಕೆಲಸ

ಬೆಂಗಳೂರು ಕ್ಲಬ್ಬಿನ ಇತಿಹಾಸವನ್ನು ಒಂದು ಉದ್ದನೆಯ ಹಾಳೆಯ ಮೇಲೆ ಕಾಲರೇಖೆಯಾಗಿ ಬರೆಯುವ ಕೆಲಸಕ್ಕೆ ಮೂರು ತಿಂಗಳು ತುಂಬಿತು. ಮೊದಲು ಎಳೆದಿದ್ದು ಒಂದೇ ಗೆರೆ. ಬರೀ ಕ್ಲಬ್ಬಿನ ಇಸವಿಗಳನ್ನು ಸಾಲಾಗಿ ಬರೆದರೆ ಏನೂ ತಿಳಿಯುವುದಿಲ್ಲವೆಂದು ಮನವರಿಕೆಯಾದ ಮೇಲೆ, ಅದರ ಕೆಳಗೆ ದಂಡಿಗೊಂದು (ಬ್ರಿಟಿಷ್ ಸೇನೆಯ ನೆಲೆಯಾಗಿದ್ದ ಕಂಟೋನ್ಮೆಂಟ್ ಪ್ರದೇಶ), ಮೈಸೂರು ಸಂಸ್ಥಾನಕ್ಕೊಂದು ಗೆರೆ ಸೇರಿಸಿದೆ.

1809ರಲ್ಲಿ ನೆಲೆಗೊಂಡ ದಂಡಿನಲ್ಲಿ ಬ್ರಿಟಿಷ್ ಅಧಿಕಾರಿಗಳು 1868ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಮೊದಲ ಹೆಸರು ಬೆಂಗಳೂರು ಯುನೈಟೆಡ್ ಸರ್ವೀಸಸ್ ಕ್ಲಬ್. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿದದ್ದರಿಂದ, ಸಂಸ್ಥಾನದ ನಡುವೆಯೇ ಇದ್ದ ಕ್ಲಬ್ಬು ಮಹಾರಾಜರ ಆಡಳಿತದ ಹೊರಗಿತ್ತು.

ಈ ತಿಂಗಳು ಹೆಚ್ಚು ಹೊತ್ತು ಹಿಡಿದದ್ದು ಎಲ್ಲರೂ ಹೇಳುವ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್‌ರ ಹೆಸರಿನಲ್ಲಿ ಕ್ಲಬ್ಬಿಗೆ ಉಳಿದ 13 ರೂಪಾಯಿಯ ಬಾಕಿ. ಅವರು ತಮ್ಮ ಅಶ್ವದಳದೊಂದಿಗೆ ಬೆಂಗಳೂರಿಗೆ ಬಂದದ್ದು 1896ರಲ್ಲಿ. ಬಾಕಿದಾರರ ಪಟ್ಟಿಯಲ್ಲಿ ಅವರ ಹೆಸರಿರುವ ನಡಾವಳಿಯ ತಾರೀಖು 1899ರ ಜೂನ್ 1. ಆ ವರ್ಷದ ಮಾರ್ಚಿಯಲ್ಲೇ ಅವರು ಭಾರತವನ್ನು ಬಿಟ್ಟಿದ್ದರು. ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಗುರುತಿಸಿದಾಗ, ಹೊರಟುಹೋದ ಅಧಿಕಾರಿಯ ಲೆಕ್ಕವನ್ನು ಮುಗಿಸುವ ಕಚೇರಿಯ ನಿತ್ಯದ ಕೆಲಸವಷ್ಟೇ ಅಲ್ಲಿ ನನಗೆ ಕಂಡಿತು. ಆ ಕಾಲದ ಕ್ಲಬ್ಬುಗಳಲ್ಲಿ ಸದಸ್ಯರು ಕೈಯಲ್ಲಿ ಹಣ ಕೊಡದೆ ಪ್ರತಿ ಲೋಟಕ್ಕೂ ಪ್ರತಿ ಊಟಕ್ಕೂ ಒಂದು ಚೀಟಿಗೆ ಸಹಿ ಹಾಕುತ್ತಿದ್ದರು. ಗುಮಾಸ್ತರು ಚೀಟಿಗಳನ್ನು ಕೂಡಿಸಿ ತಿಂಗಳ ಕೊನೆಗೆ ಬಿಲ್ಲು ಮಾಡುತ್ತಿದ್ದರು. ವರ್ಗಾವಣೆ ತಪ್ಪದ ಸೇನೆಯಲ್ಲಿ ಇಂಥ ಬಾಕಿಗಳು ಉಳಿಯುವುದು ಸಹಜವೇ. ಆ ಪಟ್ಟಿಯಲ್ಲಿ ಒಟ್ಟು 17 ಹೆಸರುಗಳಿದ್ದರೂ ನಾವು ನೆನೆಯುವುದು ಒಂದನ್ನು ಮಾತ್ರ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ತೂಕದ ಇಸವಿ 1917. ಬಿಳಿಯರ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಸುಲಭವಾಗಿ ತೆರೆಯದಿದ್ದ ಆ ದಿನಗಳಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. ಇದನ್ನು ಸಂಸ್ಥಾನದ ಗೆರೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. 1946ರಲ್ಲಿ ಹಳೆಯ ಕ್ಲಬ್ಬು ‘ಬೆಂಗಳೂರು ಕ್ಲಬ್’ ಆಯಿತು; ಮರುವರ್ಷ ದಂಡು ಮೈಸೂರಿಗೆ ಮರಳಿತು. ಮೂರು ಗೆರೆಗಳೂ ಹಾಳೆಯ ಬಲತುದಿಯಲ್ಲಿ ಹತ್ತಿರ ಬಂದು ಕೂಡಿರುವುದನ್ನು ಕಂಡು ಬಹಳ ಸಂತೋಷವಾಯಿತು.

ಈಗ ಪೆನ್ಸಿಲಿನಲ್ಲಿ ನಾಲ್ಕನೆಯ ಗೆರೆಯೊಂದನ್ನು ಎಳೆದಿದ್ದೇನೆ. ಅದು ಚೀಟಿ ಕೂಡಿಸಿದ ಗುಮಾಸ್ತರಿಗೆ, ಅಡುಗೆಯವರಿಗೆ, ಬಡಿಸಿದವರಿಗೆ, ಕುದುರೆ ಹಿಡಿದು ಹೊರಗೆ ಕಾಯುತ್ತಿದ್ದವರಿಗೆ ಮೀಸಲು. ಮುಂದಿನ ತಿಂಗಳ ಕೆಲಸ ಅಲ್ಲಿಂದಲೇ ಆರಂಭ.