6, 7ನೇ ಪುಟದಲ್ಲಿ ಏನಾಯಿತು?

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ನಾನು ಬೆಳೆದದ್ದು ಅದಕ್ಕೆ ಅಂಟಿಕೊಂಡಿರುವ ಬೆಟಗೇರಿಯಲ್ಲಿ. ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತಿದ್ದ. ಓದುವ ಹುಚ್ಚು ಯಾವ ಪುಸ್ತಕದಿಂದ ಹತ್ತಿತು ಅಂತ ಯಾರಾದರೂ ಕೇಳಿದರೆ ನನಗೆ ಒಂದು ಹೆಸರು ಹೇಳಲು ಬರುವುದಿಲ್ಲ. ಯಾಕಂದ್ರೆ ನನ್ನ ಕೈಗೆ ಮೊದಲು ಬಂದದ್ದು ಫಾರ್ಮುಗಳು.

ಫಾರ್ಮು ಅಂದರೆ 16 ಪುಟಗಳ ಒಂದು ದೊಡ್ಡ ಹಾಳೆ. ಒಂದೊಂದು ಮಗ್ಗುಲಿಗೆ 8 ಪುಟ. ಮೂರು ಸಲ ಮಡಚಿದಾಗ ಪುಟಗಳು ಸಾಲಾಗಿ ಬರಬೇಕಲ್ವಾ, ಅದಕ್ಕೇ ಹಾಳೆ ಬಿಡಿಸಿಟ್ಟರೆ ಎಲ್ಲ ಹಿಂದುಮುಂದು. 1ರ ಪಕ್ಕ 16 ಇರುತ್ತದೆ, 4ರ ಪಕ್ಕ 13. ಅವುಗಳ ಮೇಲಿನ ಸಾಲಿನಲ್ಲಿ 5, 12, 9, 8 ತಲೆಕೆಳಗಾಗಿ ನಿಂತಿರುತ್ತವೆ. ಒಂದು ಮಗ್ಗುಲು ಅಚ್ಚಾದ ಹೊತ್ತಿಗೆ ಮಸಿ ಹರಡಿತೋ, ಹಾಳೆ ಸರಿಯಿತೋ, ಆ ಹಾಳೆ ರದ್ದಿ. ಹಿಂದಿನ ಮಗ್ಗುಲು ಖಾಲಿಯೇ ಉಳಿಯುತ್ತಿತ್ತು. ನಮಗೆ ಲೆಕ್ಕ ಮಾಡಲು, ಪುಸ್ತಕಗಳಿಗೆ ರಟ್ಟು ಹಾಕಲು ಅಪ್ಪ ಅವನ್ನು ಮನೆಗೆ ತರುತ್ತಿದ್ದ.

ಪ್ರೆಸ್ಸಿನಲ್ಲಿ ಶಾಲೆಯ ಗೈಡು, ಭಜನೆ ಪದ, ಲಗ್ನಪತ್ರಿಕೆ ಎಲ್ಲ ಅಚ್ಚಾಗುತ್ತಿದ್ದವು. ನನಗೆ ಬೇಕಾದದ್ದು ಮಾತ್ರ ನಾಟಕ. ಜಾತ್ರೆಗೆ ಹಳ್ಳಿ ಹುಡುಗರು ಆಡುತ್ತಾರಲ್ಲ, ಆ ನಾಟಕಗಳ ಸಣ್ಣ ಪುಸ್ತಕಗಳು. ನೆಲದ ಮೇಲೆ ಹಾಳೆ ಹಾಸಿಕೊಂಡು ಅದರ ಸುತ್ತ ತಿರುಗಿ ತಿರುಗಿ ಓದುತ್ತಿದ್ದೆ. 5ನೇ ಪುಟದಲ್ಲಿ ತಮ್ಮ ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ. 8ನೇ ಪುಟದಲ್ಲಿ ಅದೇ ತಮ್ಮ ಕೊಡಲಿ ಹಿಡಿದು ನಿಂತಿದ್ದಾನೆ. 6, 7ರಲ್ಲಿ ಏನಾಯಿತು? ಅದು ಹಿಂದಿನ ಮಗ್ಗುಲಲ್ಲಿ ಅಚ್ಚಾಗಬೇಕಿತ್ತು, ಆಗಿಲ್ಲ. ಹೊಲದ ಪಾಲಿನ ಜಗಳವೇ? ಅತ್ತಿಗೆ ಏನಾದರೂ ಅಂದಳೇ? ರಾತ್ರಿ ಮಲಗಿಕೊಂಡು ಅದನ್ನೇ ಯೋಚಿಸುತ್ತಿದ್ದೆ. ಅಪ್ಪನನ್ನು ಕೇಳಿದರೆ, "ನೀನ ಹೇಳವ್ವಾ, ಏನಾಗಿರ್ಬೇಕು?" ಅನ್ನುತ್ತಿದ್ದ. ಮೊಳೆಯ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಿರುತ್ತದೆ. ಆ ನಾಟಕವನ್ನೆಲ್ಲ ಹಾಗೆ ಉಲ್ಟಾ ಓದಿಕೊಂಡೇ ಜೋಡಿಸಿದವನು ಅವನು, ಕಥೆ ಪೂರ್ತಿ ಗೊತ್ತಿತ್ತು. ಆದರೂ ನಾನು ಹೇಳುವ ತನಕ ಬಾಯಿ ಬಿಡುತ್ತಿರಲಿಲ್ಲ. ನನ್ನ ಕಥೆ ಕೇಳಿ, "ಇದೂ ಆಗಬಹುದವ್ವಾ" ಅಂದು ಆಮೇಲೆ ತನ್ನದು ಹೇಳುತ್ತಿದ್ದ. ಇಷ್ಟು ಒಳ್ಳೆಯ ಮೇಷ್ಟ್ರು ನನಗೆ ಮುಂದೆ ಯಾವ ತರಗತಿಯಲ್ಲೂ ಸಿಗಲಿಲ್ಲ.

ಪೂರ್ತಿ ಪುಟಗಳಿರುವ ಓದು ಶುರುವಾದದ್ದು 'ಕಸ್ತೂರಿ'ಯಿಂದ. 1956ರಿಂದ ಹುಬ್ಬಳ್ಳಿಯಿಂದ ಬರುತ್ತಿದ್ದ ಮಾಸಪತ್ರಿಕೆ. ಪಾ.ವೆಂ. ಆಚಾರ್ಯರು ಅದರ ಸಂಪಾದಕರಾಗಿದ್ದರು. ಪಕ್ಕದ ಮನೆಯವರು ತರಿಸುತ್ತಿದ್ದರು, ಅವರದು ಮುಗಿದ ಮೇಲೆ ನಮಗೆ. ನಾನು ಅದನ್ನು ಹಿಂದಿನಿಂದ ತೆರೆಯುತ್ತಿದ್ದೆ. ಕೊನೆಗೆ 'ಪುಸ್ತಕ ವಿಭಾಗ' ಇರುತ್ತಿತ್ತು, ಒಂದು ಇಡೀ ಪುಸ್ತಕದ ಸಂಗ್ರಹ. ಎಲ್ಲೆಲ್ಲಿಯದೋ ದೇಶ, ಯಾರ್ಯಾರದೋ ಬದುಕು ಬೆಟಗೇರಿಯ ನಮ್ಮ ಕಟ್ಟೆಗೆ ಬಂದು ಕೂರುತ್ತಿತ್ತು. ಓದಿ ಮುಗಿಸಿದ ಮೇಲೆ ನನಗೆ ಮತ್ತೆ ಅದೇ ತಳಮಳ. ಸಂಗ್ರಹ ಅಂದರೆ ಏನನ್ನೋ ಬಿಟ್ಟಿದ್ದಾರೆ. ಬಿಟ್ಟದ್ದು ಯಾವುದು? ಮೂಲ ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಹೋಗುವ ಚಟ ಹಿಡಿದದ್ದು ಹೀಗೆ. ಕೆಲವು ಸಿಕ್ಕವು. ಅನುವಾದವೇ ಆಗದವು ಎಷ್ಟೋ.

ಇನ್ನು ಕುಮಾರವ್ಯಾಸ. ಗದಗಿನವರಿಗೆ ಅವನು ಮನೆಯವನೇ. ವೀರನಾರಾಯಣನ ಗುಡಿಯಲ್ಲಿ ಅವನು ಕೂತು ಬರೆದನೆಂಬ ಕಂಬವನ್ನು ಈಗಲೂ ತೋರಿಸುತ್ತಾರೆ. ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ಭಾರತ ಓದಿಸುತ್ತಿದ್ದರು. ಒಬ್ಬರು ಪದ್ಯ ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಓದು ಬಾರದ ನನ್ನ ಆಯಿ ಮುಂದಿನ ಸಾಲು ಯಾವುದೆಂದು ಮೊದಲೇ ಗುನುಗುತ್ತಿದ್ದಳು. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಕರ್ಣನ ಕೊರಳ ಸೆರೆ ಹಿಗ್ಗುತ್ತವೆ, ಕಣ್ಣೀರು ನುಗ್ಗುತ್ತದೆ. ಆಗ ಅವನ ಮನಸ್ಸಿನಲ್ಲಿ ಮೊದಲು ಏಳುವ ಮಾತು 'ಕುರುಪತಿಗೆ ಕೇಡಾದುದು' ಅಂತ. ತನಗೆ ತಾಯಿ ಸಿಕ್ಕಳು, ತಮ್ಮಂದಿರು ಸಿಕ್ಕರು, ರಾಜ್ಯ ಸಿಗಲಿದೆ. ಅವನಿಗೆ ನೆನಪಾಗುವುದು ದುರ್ಯೋಧನ! ಯಾಕೆ ಅಂತ ಕವಿ ಅಲ್ಲಿ ನಿಂತು ವಿವರಿಸುವುದಿಲ್ಲ. ಕೇಳುವವರು ತಾವೇ ತುಂಬಿಕೊಳ್ಳಬೇಕು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಉಪ್ಪು ತಿಂದಾವ ಅದಾನಲ್ಲ" ಅಂದಳು. ಕರ್ಣನ ಮೇಲೆ ನಾನು ಎಷ್ಟೋ ವಿಮರ್ಶೆ ಓದಿದ್ದೇನೆ. ಆಯಿಯ ಮಾತನ್ನು ಪಕ್ಕಕ್ಕೆ ಸರಿಸುವಂಥದ್ದು ಇನ್ನೂ ಸಿಕ್ಕಿಲ್ಲ.

ಮುಂದೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ 1958ರ ಆವೃತ್ತಿಯನ್ನು ಅಪ್ಪ ಎಲ್ಲಿಂದಲೋ ಹಳೆಯದು ತಂದುಕೊಟ್ಟ. ಆಗ ತಿಳಿಯಿತು, ಕುಮಾರವ್ಯಾಸ ಬರೆದದ್ದು ಹತ್ತೇ ಪರ್ವ, ಗದಾಪರ್ವಕ್ಕೆ ನಿಲ್ಲಿಸಿದ್ದಾನೆ. ಉಳಿದದ್ದನ್ನು ಮುಂದೆ ತಿಮ್ಮಣ್ಣ ಕವಿ ಬರೆದ. ಅದನ್ನೂ ಓದಿದೆ. ಆದರೆ ನನ್ನ ಮನಸ್ಸು ಗದಾಪರ್ವದ ಆಚೆಗೆ ದಾಟಲಿಲ್ಲ.

ಕಾಲೇಜಿನ ದಿನಗಳಲ್ಲಿ ಕೈಗೆ ಸಿಕ್ಕ ಕಾದಂಬರಿಗಳನ್ನೆಲ್ಲ ಓದಿದೆ. ತುಂಬ ಓದಿದೆ, ಸ್ವಲ್ಪವೇ ಉಳಿದಿದೆ.

ಎಂ.ಎ. ಮಾಡಲು ಧಾರವಾಡಕ್ಕೆ ಹೋದಾಗ ಸುಭಾಷ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಗಿರೀಶ ಕಾರ್ನಾಡರ ಮೊದಲ ನಾಟಕ ಬಂದದ್ದು ಇಲ್ಲಿಂದಲೇ. ಅಲ್ಲಿ ನಾನು ಕೊಂಡದ್ದು ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ'. 1956ರ ಕಾದಂಬರಿ. ಹಾಸ್ಟೆಲ್ಲಿನಲ್ಲಿ ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಅದರ ಜನ ನಮ್ಮ ಕಡೆಯ ಮಾತಿನಲ್ಲೇ ಮಾತಾಡುತ್ತಾರೆ, ಜಗಳ ಕಾಯುತ್ತಾರೆ, ಮಾತು ಮರೆಸುತ್ತಾರೆ. ಒಬ್ಬರು ಏನೋ ಅಂದು ಸುಮ್ನೆ ಎದ್ದು ಹೋಗುತ್ತಾರೆ. ಅವರು ಹೇಳದೆ ಬಿಟ್ಟದ್ದು ನಮಗೆ ಕೇಳಿಸುತ್ತದೆ. ಮೊಕಾಶಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1988ರಲ್ಲಿ, 'ಅವಧೇಶ್ವರಿ'ಗೆ. ಅದೂ ದೊಡ್ಡ ಕೃತಿಯೇ. ಆದರೂ ಒಂದನ್ನೇ ಆರಿಸು ಅಂದರೆ ನನ್ನ ಕೈ ಗಂಗವ್ವನ ಕಡೆಗೇ ಹೋಗುತ್ತದೆ. ಧಾರವಾಡದ ಕಡೆಯ ಮಕ್ಕಳು ಡಿಗ್ರಿ ಮುಗಿಸುವುದರೊಳಗೆ ಇದನ್ನು ಓದಲೇಬೇಕು ಅಂತ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಪುಸ್ತಕ ನನಗೆ ಹಿಡಿಸುವುದಿಲ್ಲ. ಎಷ್ಟೇ ಹೆಸರು ಮಾಡಿರಲಿ, ಓದುವವರಿಗೆ ಕೆಲಸವನ್ನೇ ಉಳಿಸದಿದ್ದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ.

ಈಗ ಹುಬ್ಬಳ್ಳಿಯಲ್ಲಿದ್ದೇನೆ. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ನಮ್ಮ ಕಾಲನಿಯ ಕೆಲವರು ಸೇರಿ ರವಿವಾರ ಬೆಳಿಗ್ಗೆ ಕುಮಾರವ್ಯಾಸನನ್ನು ಓದುತ್ತೇವೆ. ಒಬ್ಬರು ಓದಿದ ಮೇಲೆ ಉಳಿದವರು ತಮಗೆ ಅನ್ನಿಸಿದ್ದು ಹೇಳಬೇಕು, ಅರ್ಥದ ಪುಸ್ತಕ ಆಮೇಲೆ ತೆಗೆಯುವುದು. ಈಗ ದ್ರೋಣಪರ್ವ ನಡೆದಿದೆ, ಅಭಿಮನ್ಯು ಇನ್ನೂ ವ್ಯೂಹಕ್ಕೆ ಹೊಕ್ಕಿಲ್ಲ. ಪಿ.ಯು.ಸಿ. ಓದುವ ಒಬ್ಬ ಹುಡುಗ ಹೊಸದಾಗಿ ಸೇರಿದ್ದಾನೆ. ಧರ್ಮರಾಯ ಇಷ್ಟು ಸಣ್ಣ ಹುಡುಗನನ್ನು ಕಳಿಸಲು ಹೇಗೆ ಒಪ್ಪಿದ ಅಂತ ಹೋದ ವಾರ ಕೇಳಿದ. ಒಬ್ಬೊಬ್ಬರದು ಒಂದೊಂದು ಉತ್ತರ. ಚರ್ಚೆ ಮುಗಿಯಲಿಲ್ಲ, ಬರುವ ರವಿವಾರ ಅಲ್ಲಿಂದಲೇ ಶುರು ಮಾಡುತ್ತೇವೆ.